ಹಳ್ಳದ ನೀರು ಅಮೃತ ಅನ್ನೋರಿಗೆ



ಮೂರು ದಿನದಿಂದ ಒಂದು ರೀಲ್ಸ್ ನನ್ನ ಫೋನಿಗೆ ಮತ್ತೆ ಮತ್ತೆ ಬರ್ತಾ ಇದೆ. ಮಲೆನಾಡಿನ ಯಾವುದೋ ಹಳ್ಳ. ಬೂಟು ಹಾಕಿಕೊಂಡ ಹುಡುಗನೊಬ್ಬ ಬೊಗಸೆಯಲ್ಲಿ ನೀರು ಎತ್ತಿ ಕುಡಿದು, ಇದು ಪ್ರಕೃತಿ ಕೊಟ್ಟ ಮಿನರಲ್ ವಾಟರ್, ಕ್ಲೋರಿನ್ ಹಾಕಿದ ನೀರೇ ವಿಷ, ನಮ್ಮ ಹಿರಿಯರು ಇದನ್ನೇ ಕುಡಿದು ನೂರು ವರ್ಷ ಬದುಕಿದರು ಅಂತಾನೆ. ಹೋಗ್ಲಿ ಬಿಡು ಅಂತ ಸುಮ್ಮನಿದ್ದೆ. ಆದರೆ ನಿನ್ನೆ ನಮ್ಮ ಹೋರಾಟದ ಗ್ರೂಪಿನಲ್ಲೇ ಇಬ್ಬರು ಅದನ್ನು ಹಾಕಿ, "ಬಾಟ್ಲಿ ನೀರಿನ ಬಂಡವಾಳಶಾಹಿಗೆ ಇದೇ ಉತ್ತರ" ಅಂತ ಬರೆದಿದ್ದು ನೋಡಿ ತಡಕೊಳ್ಳಾಕ ಆಗಲಿಲ್ಲ. ಪೋಸ್ಟ್ ಉದ್ದ ಐತಿ. ದಯವಿಟ್ಟು ಪೂರ್ತಿ ಓದ್ರಿ.

ಹಳ್ಳದ ನೀರಿನ ರುಚಿ ನನಗೆ ಯಾರೂ ಹೇಳಿಕೊಡೋದು ಬ್ಯಾಡ. ಸಣ್ಣಾಕಿ ಇದ್ದಾಗ ಅವ್ವನ ತವರೂರಿನಲ್ಲಿ ಬ್ಯಾಸಿಗಿ ಕಳೆದಿದ್ದೇ ಹಳ್ಳದ ದಂಡ್ಯಾಗ. ಉಸುಕಿನ್ಯಾಗ ಕೈಲೆ ವರತಿ ತೋಡಿ, ಮೊದಲು ಬರೋ ರಾಡಿ ನೀರು ಚೆಲ್ಲಿ, ತಿಳಿಯಾದ ಮ್ಯಾಲೆ ಬಟ್ಟಲಿನಿಂದ ಮೊಗೆದು ಕೊಡಕ್ಕೆ ಹಾಕ್ತಿದ್ವಿ. ಒಂದು ಕೊಡ ತುಂಬಾಕ ಅರ್ಧ ತಾಸು. ಆದರೆ ಎಲ್ಲಿ ಬೇಕಾದಲ್ಲಿ ವರತಿ ತೋಡೋ ಹಾಗಿರಲಿಲ್ಲ. ಮೇಲಿನ ಮಡುವು ಊರವರದು. ಅದರ ಕೆಳಗೆ ದನ ಮೈ ತೊಳೆಯೋ ಜಾಗ. ಅದರ ಕೆಳಗೆ ಬಟ್ಟೆ ಒಗೆಯೋ ಬಂಡೆ. ಎಲ್ಲಕ್ಕಿಂತ ಕೆಳಗೆ ನಮ್ಮ ಕೇರಿಯ ವರತಿ. ಹರಿಯೋ ನೀರಿಗೆ ಮೈಲಿಗಿ ಇಲ್ಲ ಅಂತಾರಲ್ಲ, ಆ ಹಳ್ಳ ಊರಿನ ಎಲ್ಲಾ ಹೊಲಸು ಹೊತ್ತುಕೊಂಡು ನಮ್ಮ ಕಡೆಗೇ ಹರೀತಿತ್ತು.

ಅಂಥದೇ ಒಂದು ಬ್ಯಾಸಿಗ್ಯಾಗ ನನ್ನ ತಮ್ಮನಿಗೆ ಕಾಮಣಿ ಆತು. ಕಣ್ಣು ಅರಿಷಿಣದಂಗ. ದೀಡ ತಿಂಗಳು ಹಾಸಿಗೆ. ಅವ್ವ ಕೂಲಿ ಬಿಟ್ಟಳು, ಅಪ್ಪ ಸಾಲ ತಂದ. ತಮ್ಮ ಉಳಿದ. ಅದೇ ಸುಗ್ಗಿಗೆ ಪಕ್ಕದ ಮನೆಯ ಕೂಸು ವಾಂತಿ-ಭೇದಿ ಆಗಿ ಎರಡೇ ದಿನದಾಗ ಹೋತು. ದೇವರ ಕಾಟ ಅಂದ್ರು. ನೀರಿನ ಮಾತು ಯಾರೂ ಎತ್ತಲಿಲ್ಲ.

ಆದ್ದರಿಂದ "ನಮ್ಮ ಹಿರಿಯರು ಕುಡಿದು ಬದುಕಿದರು" ಅನ್ನೋ ಮಾತು ಕೇಳಿದರೆ ನನಗೆ ಸಿಟ್ಟು ಬರೋದು. ಬದುಕಿದ ಅಜ್ಜಂದಿರು ಕಟ್ಟೆ ಮ್ಯಾಲೆ ಕುಂತು ಕಥೆ ಹೇಳ್ತಾರೆ. ಎರಡು ವರ್ಷಕ್ಕೇ ಸತ್ತ ಕೂಸುಗಳು ಬಂದು ಸಾಕ್ಷಿ ಹೇಳೋದಿಲ್ಲ. ನಿಮ್ಮ ಅಜ್ಜಿಯನ್ನು ಒಮ್ಮೆ ಕೇಳ್ರಿ, ಎಷ್ಟು ಹೆತ್ತಿ, ಎಷ್ಟು ಉಳಿದ್ವು ಅಂತ.

ಈಗ ನೀರಿನ ಮಾತು. ನೀರು ತಿಳಿಯಾಗಿದ್ದರೆ ಒಳ್ಳೇದು ಅನ್ನೋದು ಕಣ್ಣಿನ ಮೋಸ. ಕಾಲರಾ, ಟೈಫಾಯ್ಡ್, ಕಾಮಣಿ ತರುವ ರೋಗಾಣು ಕಣ್ಣಿಗೆ ಕಾಣೋದಿಲ್ಲ, ನಾಲಿಗೆಗೂ ಗೊತ್ತಾಗೋದಿಲ್ಲ. ಕಾಡಿನ ಹಳ್ಳಕ್ಕೂ ಪ್ರಾಣಿಗಳ ಸಗಣಿ, ಉಚ್ಚೆ ಬೀಳ್ತದೆ. ಇಲಿ ಜ್ವರ ಬರೋದೇ ಅಂಥ ನೀರಿನಿಂದ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹಾಕಿದ ಷರತ್ತು ಏನು ಗೊತ್ತಾ? 100 ಮಿಲಿ ನೀರಿನಲ್ಲಿ ಒಂದೇ ಒಂದು ಇ-ಕೋಲಿ ಕೂಡ ಸಿಗಬಾರದು. ಇ-ಕೋಲಿ ಸಿಕ್ಕರೆ ಆ ನೀರಿಗೆ ಮಲ ಸೇರಿದೆ ಅಂತಲೇ ಅರ್ಥ. ದನ ಇಳಿಯೋ, ಜನ ಬಯಲಿಗೆ ಹೋಗೋ ದಂಡೆಯ ಯಾವ ಹಳ್ಳ ಈ ಪರೀಕ್ಷೆಯಲ್ಲಿ ಪಾಸಾಗ್ತದೆ?

ನಮ್ಮ ಕುಬಿಹಾಳ ಸೀಮೆ ಎರಿ ಭೂಮಿ. ಹತ್ತಿ, ಮೆಣಸಿನಕಾಯಿ ಬೆಳೆಯೋ ಹೊಲ. ಎಷ್ಟು ಸಲ ಔಷಧ ಹೊಡೀತಾರೆ ಅನ್ನೋದು ಪಂಪು ಹೊತ್ತು ಹೊಡೆಯೋ ನಮ್ಮ ಹುಡುಗರಿಗೆ ಗೊತ್ತು. ಮಳಿ ಬಂದರೆ ಅದೆಲ್ಲಾ ತೊಳೆದು ಹಳ್ಳಕ್ಕೆ. ಇನ್ನು ಬೆಣ್ಣಿಹಳ್ಳ. ಶಿಗ್ಗಾವಿ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮೆ ಹಾದು ಮಲಪ್ರಭೆ ಸೇರತೈತಿ. ಹುಬ್ಬಳ್ಳಿ ಶಹರದ ಗಟಾರ ನೀರು ನಾಲಾ ಹಿಡಿದು ಬಂದು ಕೂಡೋದು ಇದೇ ಹಳ್ಳಕ್ಕೆ. ಹೆಸರಿನಲ್ಲಿ ಬೆಣ್ಣಿ ಇದ್ದರೆ ಕುಡಿಯೋ ನೀರಾಗೋದಿಲ್ಲ.

ಈ ದೇಶದಲ್ಲಿ ನೀರು "ಶುದ್ಧ" ಅನ್ನೋದು ನೀರಿನ ಒಳಗೆ ಏನಿದೆ ಅನ್ನೋದರ ಮೇಲೆ ನಿಂತಿಲ್ಲ. ಯಾರು ಮುಟ್ಟಿದರು ಅನ್ನೋದರ ಮೇಲೆ ನಿಂತಿದೆ. ಸಾರ್ವಜನಿಕ ಕೆರೆ-ಬಾವಿ ಎಲ್ಲರಿಗೂ ತೆರೆಯಬೇಕು ಅಂತ ಮುಂಬೈ ಶಾಸನ ಸಭೆ ಠರಾವು ಮಾಡಿದ್ದು 1923ರಲ್ಲಿ, ಎಸ್.ಕೆ. ಬೋಲೆಯವರು ತಂದ ಠರಾವು. ಆಗ ನಮ್ಮ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲೇ ಇತ್ತು, ಅಂದರೆ ಅದು ನಮ್ಮ ಕೆರೆ-ಬಾವಿಗೂ ಅನ್ವಯಿಸಿದ ಠರಾವು. ಕಾಗದದ ಮ್ಯಾಲೆ ಉಳೀತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ದನ ಕುಡಿಯಬಹುದಾಗಿದ್ದ ಕೆರೆ ಅದು. ನಮ್ಮವರು ಕುಡಿದ ಮೇಲೆ ಸನಾತನಿಗಳು ಏನು ಮಾಡಿದರು? 108 ಕೊಡ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆ ಶುದ್ಧ ಆಯಿತು ಅಂದರು! ಕುಡಿಯೋ ನೀರಿಗೆ ಸಗಣಿ ಕಲಸಿ ಶುದ್ಧಿ ಅನ್ನೋ ಜನರಿಂದ ನಾವು ಸ್ವಚ್ಛತೆಯ ಪಾಠ ಕಲೀಬೇಕಂತೆ.

ಹಳೇ ಕಥೆ ಅಂತೀರಾ? 2022ರ ನವೆಂಬರ್, ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರ. ಮೇಲ್ಜಾತಿಯವರ ಬೀದಿಯ ತೊಂಬೆಯಲ್ಲಿ ದಲಿತ ಹೆಣ್ಣುಮಗಳೊಬ್ಬಳು ನೀರು ಕುಡಿದಳು ಅಂತ ಇಡೀ ತೊಂಬೆ ಖಾಲಿ ಮಾಡಿ ಗೋಮೂತ್ರ ಹಾಕಿ ತೊಳೆದರು.

ಆದ್ದರಿಂದ "ಪ್ರಕೃತಿಯ ಶುದ್ಧ ನೀರು" ಅನ್ನೋ ಮಾತು ನಮ್ಮ ಬಾಯಲ್ಲಿ ಬರಬಾರದು. ಅದು ಮಡಿಯ ಭಾಷೆ. ನಮ್ಮದು ಪರೀಕ್ಷೆಯ ಭಾಷೆ ಆಗಬೇಕು.

ಇನ್ನೊಂದು ವಿಷಯ. ಟ್ರೆಕ್ಕಿಂಗಿಗೆ ಬಂದವನಿಗೆ ಹಳ್ಳದ ನೀರು ಒಂದು ದಿನದ ಮೋಜು. ಸಂಜೆ ಮನೆಗೆ ಹೋಗಿ ಫಿಲ್ಟರ್ ನೀರು ಕುಡೀತಾನೆ. ಹೊಟ್ಟೆ ಕೆಟ್ಟರೆ ದವಾಖಾನೆ ಐತಿ, ಪಗಾರ ನಿಲ್ಲೋದಿಲ್ಲ. ನಮ್ಮ ಹೆಣ್ಣುಮಗಳು ನಾಲ್ಕು ದಿನ ಮಲಗಿದರೆ ನಾಲ್ಕು ದಿನದ ಕೂಲಿ ಹೋಯ್ತು. ಆ ರೀಲ್ಸ್ ಹುಡುಗನ ಮಾತನ್ನು ಅಧಿಕಾರಿಗಳೂ ಬಳಸಿಕೊಳ್ತಾರೆ ಅನ್ನೋದು ನಿಮಗೆ ಗೊತ್ತಿರಲಿ. ಹೋದ ಬ್ಯಾಸಿಗಿಗೆ ಒಂದೂರಿನ ಕೇರಿಗೆ ಹೋಗಿದ್ದೆ. ಊರ ಹೆಸರು ಹೇಳೋದಿಲ್ಲ. ಹೇಳಿದರೆ ನಾಳೆಯಿಂದ ಆ ಜನಕ್ಕೆ ಹೊಲದ ಕೆಲಸ ಬಂದ್ ಆಗ್ತದೆ. ಅಲ್ಲಿ ಪೈಪ್‌ಲೈನಿನ ಕೊನೆ ತುದಿ ನಮ್ಮ ಕೇರಿ. ಎಂಟು ದಿನಕ್ಕೊಮ್ಮೆ ನೀರು, ಅದೂ ಗಟಾರದೊಳಗೆ ಮುಳುಗಿದ ಪೈಪಿನಿಂದ. ನಡುವಿನ ದಿನಗಳಿಗೆ ಹಳ್ಳವೇ ಗತಿ. ಕೇಳಿದ್ದಕ್ಕೆ ಬಂದಿದ್ದ ಸಾಹೇಬರು ಅಂದಿದ್ದು: "ಇವರಿಗೆ ಹಳ್ಳದ ನೀರು ಮೊದಲಿಂದ ರೂಢಿ ಐತ್ರಿ, ಏನೂ ಆಗಂಗಿಲ್ಲ. ಬೇಕಾದರ ಕುದಿಸಿ ಕುಡೀಲಿ."

ಒಬ್ಬ ತಾಯಿ ಅಲ್ಲೇ ಕೇಳಿದಳು: "ಕುದಸಾಕ ಕಟಗಿ ನೀವು ಕೊಡ್ತೀರೇನ್ರಿ ಸಾಹೇಬ್ರ?" ಸಾಹೇಬರು ಗಾಡಿ ಹತ್ತಿದರು.

ಈಗ ಕೆಲವರು ಕೇಳ್ತೀರಿ: ನಲ್ಲಿ ನೀರು ಮಾತ್ರ ಸುರಕ್ಷಿತವೇ? ಚಿತ್ರದುರ್ಗದ ಕವಾಡಿಗರಹಟ್ಟಿ ಮರೆತೆಯಾ ಅಂತ. ಮರೆತಿಲ್ಲ. 2023ರ ಆಗಸ್ಟ್‌ನಲ್ಲಿ ಆ ದಲಿತ ಕೇರಿಯ ಜನ ನಲ್ಲಿ ನೀರು ಕುಡಿದೇ ವಾಂತಿ-ಭೇದಿಯಿಂದ ಸತ್ತರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ನೀರು ಬಿಟ್ಟು ಬಿಟ್ಟು ಬಂದರೆ ಪೈಪಿನಲ್ಲಿ ಒತ್ತಡ ಇಳಿದಾಗ ಸೋರೋ ಜಾಗದಿಂದ ಗಟಾರ ನೀರು ಒಳಗೆ ಎಳಕೊಳ್ತದೆ. ಇದು ಎಲ್ಲಾ ಎಂಜಿನಿಯರಿಗೂ ಗೊತ್ತಿರೋ ವಿಷಯ. ಅದಕ್ಕೆ ಉತ್ತರ ಹಳ್ಳಕ್ಕೆ ವಾಪಸ್ ಹೋಗೋದಲ್ಲ. ಬಾಟ್ಲಿ ಕಂಪನಿಗಳ ಮೇಲಿನ ಸಿಟ್ಟಿಗೂ ಅದು ಉತ್ತರ ಅಲ್ಲ. ಸರ್ಕಾರದ ನಲ್ಲಿ ನೀರು ನಂಬೋ ಹಾಗಿದ್ದರೆ ಆ ಕಂಪನಿಗಳ ಅಂಗಡಿ ತಾನೇ ಮುಚ್ಚತೈತಿ.

ಹಕ್ಕು ನಮ್ಮ ಕೈಯಲ್ಲಿದೆ. ಪರಿಶಿಷ್ಟರು ಬಳಸುವ ನೀರಿನ ಮೂಲವನ್ನು ಕೆಡಿಸೋದು 1989ರ ದೌರ್ಜನ್ಯ ತಡೆ ಕಾಯ್ದೆಯ 3ನೇ ಕಲಮಿನಲ್ಲಿ ಅಪರಾಧ. 2019ರಲ್ಲಿ ಶುರುವಾದ ಜಲಜೀವನ ಮಿಷನ್, ನಮ್ಮ ಕಡೆ "ಮನೆ ಮನೆಗೆ ಗಂಗೆ", ತಲೆಗೆ ದಿನಕ್ಕೆ 55 ಲೀಟರ್ ಕೊಡ್ತೇವೆ ಅಂತ ಬರೆದುಕೊಟ್ಟಿದೆ. ಆದ್ದರಿಂದ ಮುಂದಿನ ಗ್ರಾಮಸಭೆಗೆ ಎಲ್ಲಾ ಕೇರಿಯವರೂ ಹೋಗಿ ಇಷ್ಟು ಕೇಳ್ರಿ:

1. ಊರಿಗೆ ಎಷ್ಟು ದಿನಕ್ಕೆ ನೀರೋ ಕೇರಿಗೂ ಅಷ್ಟೇ ದಿನಕ್ಕೆ. ಗಟಾರದಲ್ಲಿರೋ ಪೈಪು ಮೇಲೆತ್ತಬೇಕು.

2. ನೀರಿನ ಪರೀಕ್ಷೆಗೆ ಊರಿಗೆ 5 ಜನ ಹೆಣ್ಣುಮಕ್ಕಳಿಗೆ ತರಬೇತಿ ಕೊಡಬೇಕು ಅಂತ ಮಿಷನ್ನಿನ ನಿಯಮ ಇದೆ. ಅದರಲ್ಲಿ ಇಬ್ಬರಾದರೂ ನಮ್ಮ ಕೇರಿಯವರು ಇರಬೇಕು.

3. ಪರೀಕ್ಷೆ ಟಾಕಿ ಹತ್ತಿರ ಅಲ್ಲ, ಕೇರಿಯ ಕೊನೆ ನಲ್ಲಿಯಲ್ಲಿ ಆಗಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಅಲ್ಲಿ ಉಳಿದಿರಬೇಕು. ರಿಪೋರ್ಟು ಪಂಚಾಯ್ತಿ ಗೋಡೆಗೆ ಅಂಟಿಸಬೇಕು.

4. ಪರೀಕ್ಷೆಯ ಸಣ್ಣ ಬಾಟ್ಲಿಯೊಳಗಿನ ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ಮಲ ಸೇರಿದೆ ಅಂತ ಅರ್ಥ. ಆ ದಿನವೇ ಟ್ಯಾಂಕರ್ ಬರಬೇಕು.

ಅಲ್ಲಿವರೆಗೆ? ಹಳ್ಳದ್ದೋ ಕೆರೆಯದ್ದೋ ನೀರು ಕುಡಿಯಲೇಬೇಕಾದರೆ, ರಾಡಿ ಕೆಳಗೆ ಕೂರೋ ತನಕ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ ಕುಡೀರಿ. ಬರೀ ಸೋಸಿದರೆ ಸಾಲೋದಿಲ್ಲ, ರೋಗಾಣು ಬಟ್ಟೆಯಲ್ಲಿ ನಿಲ್ಲೋದಿಲ್ಲ. ಔಷಧ ಹೊಡೆದ ಹೊಲದ ನೀರು ಮಾತ್ರ ಬ್ಯಾಡವೇ ಬ್ಯಾಡ, ಕುದಿಸಿದರೂ ಆ ವಿಷ ಹೋಗೋದಿಲ್ಲ. ಮಕ್ಕಳಿಗೆ ಭೇದಿ ಶುರುವಾದರೆ ಓಆರ್‌ಎಸ್ ಕುಡಿಸ್ತಾ ದವಾಖಾನೆಗೆ ಓಡ್ರಿ. ಇದನ್ನೆಲ್ಲ ಹೇಳೋವಾಗ ಆ ತಾಯಿಯ ಕಟಗಿ ಪ್ರಶ್ನೆ ನನಗೆ ನೆನಪಿದೆ. ಅದಕ್ಕೇ ಮ್ಯಾಲಿನ ನಾಲ್ಕು ಬೇಡಿಕೆ.

ಬಾಬಾಸಾಹೇಬರು ಚವದಾರ್ ಕೆರೆಗೆ ಇಳಿದಿದ್ದು ನೀರಡಿಕೆಗಲ್ಲ, ಸಮಾನತೆಗೆ. ನೂರು ವರ್ಷ ಆಗ್ತಾ ಬಂತು. ಆ ಸಮಾನತೆ ಇವತ್ತು ನಮ್ಮ ಕೇರಿಯ ಕೊನೆ ನಲ್ಲಿಯಲ್ಲಿ ಬರಬೇಕು.

ಆ ರೀಲ್ಸ್ ಹಾಕಿದ ಇಬ್ಬರು ಗೆಳೆಯರೇ, ನಿಮ್ಮ ಮೇಲೆ ಸಿಟ್ಟಿಲ್ಲ. ಪೋಸ್ಟ್ ತೆಗೀರಿ ಅಂತಲೂ ಹೇಳೋದಿಲ್ಲ. ಅದರ ಕೆಳಗೆ ನಿಮ್ಮೂರ ಕೇರಿಯ ನೀರಿನ ಪರೀಕ್ಷೆ ರಿಪೋರ್ಟ್ ಹಾಕ್ರಿ ಸಾಕು.

ಜೈ ಭೀಮ್.

#ಕೇರಿಗೂ_ಶುದ್ಧ_ನೀರು #ನೀರು_ನಮ್ಮ_ಹಕ್ಕು