ತಾಯಿ ಲೆಕ್ಕ ಸಾಕು, ಗಂಡು ಯಾವುದು ಹೇಳ್ರಿ

ಮಳೆ ಹತ್ತಿ ಕೃಷಿ ಹೊಂಡ ತುಂಬಿತು ಅಂದ್ರ ಬಸವಕಲ್ಯಾಣ, ಹುಮನಾಬಾದ ಕಡೆ ಮೀನು ಮರಿ ಮಾರೋರ ಫೋನ್ ಶುರು ಆಗ್ತಾವ. "ಮಾಗುರ್ ಮರಿ ಅದ, ಎಷ್ಟು ಸಾವಿರ ಬೇಕು?" ನಾವೂ ರೇಟು ಕೇಳ್ತೀವಿ, ಸೈಜು ಕೇಳ್ತೀವಿ. ಭಾಳ ಆದ್ರ ತಾಯಿ ಮೀನು ಎಷ್ಟು ದೊಡ್ಡದು ಅಂತ ಕೇಳ್ತೀವಿ. ತಂದೆ ಯಾವುದು ಅಂತ ಒಬ್ಬರೂ ಕೇಳೋದಿಲ್ಲ.

ನಾವು ದೇವಣಿ ದನ ಕಟ್ಟಿದ ಮಂದಿ. ಆಕಳಿಗೆ ಹೋರಿ ಹಾರಿಸೋ ಮುಂಚೆ ಹೋರಿ ಯಾರದು, ತಳಿ ಯಾವುದು, ಎತ್ತರ ಎಷ್ಟು ಅಂತ ಹತ್ತು ಸಲ ವಿಚಾರಿಸ್ತೀವಿ. ಅದೇ ಮಂದಿ ಮೀನಿನ ವಿಷಯಕ್ಕೆ ಯಾಕ ಬಾಯಿ ಮುಚ್ಚಿಕೊಂಡು ಕೂಡ್ತೀವಿ?

ಹ್ಯಾಚರಿಯೊಳಗ ಏನು ನಡೀತದ ಅಂತ ತಿಳಿದ್ರ ಪ್ರಶ್ನೆ ತಾನೇ ಹುಟ್ಟತದ. ಕಟ್ಲಾ, ರೋಹು ಗಂಡಿನ ಹೊಟ್ಟೆ ಮೆಲ್ಲಗೆ ಒತ್ತಿದ್ರ ಹಾಲಿನಂಥ ವೀರ್ಯ ಬರ್ತದ. ಗಂಡು ಜೀವಂತ ಉಳೀತದ, ಮುಂದಿನ ವರ್ಷಕ್ಕೂ ಬರ್ತದ. ಮಾಗುರ್ ಜಾತಿಯ ಬೆಕ್ಕುಮೀನಿನದು ಹಂಗಲ್ಲ. ಇದರ ವೃಷಣ ಸಣ್ಣದು, ಸಾಮಾನ್ಯವಾಗಿ ದೇಹದ ತೂಕದ ನೂರರಲ್ಲಿ ಒಂದು ಭಾಗವೂ ತೂಗೋದಿಲ್ಲ. ಅದರ ಹಿಂದೆ ಬೆರಳು ಬೆರಳಾಗಿ ಕವಲೊಡೆದ ವೀರ್ಯಕೋಶ ಬೇರೆ ಇರ್ತದ. ಎಷ್ಟು ಒತ್ತಿದರೂ ಉಪಯೋಗಕ್ಕೆ ಬರೋವಷ್ಟು ವೀರ್ಯ ಹೊರಗ ಬರೋದಿಲ್ಲ. ಅದಕ್ಕೇ ಹೆಣ್ಣಿಗೆ ಹಾರ್ಮೋನ್ ಚುಚ್ಚಿ ತತ್ತಿ ತೆಗೀತಾರ, ಗಂಡನ್ನು ಕೊಂದು ಹೊಟ್ಟೆ ಸೀಳ್ತಾರ. ವೃಷಣ ಕತ್ತರಿಸಿ, ಅರೆದು, ಉಪ್ಪಿನ ದ್ರಾವಣದಲ್ಲಿ ಕಲಸಿ ತತ್ತಿ ಮ್ಯಾಲೆ ಹಾಕ್ತಾರ. ದ್ರಾವಣದೊಳಗ ವೀರ್ಯಾಣು ಸುಮ್ಮನಿರ್ತಾವ. ನೀರು ಸೋಕಿದ ಕೂಡಲೇ ಓಡಾಟ ಶುರು, ಅದೂ ಸ್ವಲ್ಪೇ ಹೊತ್ತು.

ಅಂದ್ರ ಪ್ರತಿ ಸಲ ಮರಿ ಮಾಡಬೇಕಾದ್ರ ಗಂಡು ಸಾಯಬೇಕು. ಇಲ್ಲೇ ಆಸೆ ಹುಟ್ಟತದ. ಗಂಡು ಉಳಿಸಲಿಕ್ಕೆ ಒಂದೇ ಗಂಡಿನ ವೀರ್ಯ ಹತ್ತು ಹೆಣ್ಣಿಗೆ ಹಂಚಿದ್ರ ಹುಟ್ಟೋ ಮರಿ ಎಲ್ಲಾ ಅಣ್ಣ-ತಂಗಿ. ಅದೇ ಮರಿ ಬೆಳೆಸಿ ಮುಂದಿನ ಸಲ ತಾಯಿ-ತಂದೆ ಮಾಡಿದ್ರ ತಳಿ ಕ್ಷೀಣ ಆಗೋದು ಗ್ಯಾರಂಟಿ. ಇನ್ನೊಂದು ದಾರಿ ಇದಕ್ಕಿಂತ ಕೆಟ್ಟದು. ಅಂಗೈಯಷ್ಟು ದೇಸಿ ಗಂಡಿನ ಬದಲಿಗೆ ಕೆಜಿಗಟ್ಟಲೆ ತೂಗೋ ಆಫ್ರಿಕನ್ ಗಂಡು ಕೊಯ್ದರ ವೀರ್ಯಕ್ಕೆ ಬರ ಇಲ್ಲ. ಥಾಯ್ಲೆಂಡಿನಲ್ಲಿ ಊರಿನ ಹೆಣ್ಣಿಗೆ ಆಫ್ರಿಕನ್ ಗಂಡು ಕೂಡಿಸಿ ಮಿಶ್ರತಳಿ ಮಾಡಿದರು, ವ್ಯಾಪಾರ ಜೋರಾಯಿತು. ಕಡೆಗೆ ಅಲ್ಲಿನ ನದಿಯ ದೇಸಿ ಮೀನಿನೊಳಗೇ ಆಫ್ರಿಕನ್ ರಕ್ತ ಸೇರಿತು.

ಈ ಆಫ್ರಿಕನ್ ಮೀನನ್ನೇ ನಮ್ಮ ಕಡೆ "ಥಾಯ್ ಮಾಗುರ್" ಅಂತ ಮಾರ್ತಾರ. 1990ರ ದಶಕದಲ್ಲಿ ಬಾಂಗ್ಲಾದೇಶದ ದಾರಿಯಿಂದ, ಪರವಾನಗಿ ಇಲ್ಲದೆ ಒಳಗ ಬಂದದ್ದು. 2000ದಲ್ಲೇ ಕೇಂದ್ರ ಸರ್ಕಾರ ಇದರ ಸಾಕಣೆ ನಿಷೇಧಿಸಿದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಇದರ ಮೇಲೆ ಕ್ರಮಕ್ಕೆ ಹೇಳಿದೆ. ನಮ್ಮ ದೇಸಿ ಮಾಗುರ್ ಮಾತ್ರ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಜಾತಿ. ಬಿಹಾರದವರು ಅದನ್ನು ರಾಜ್ಯ ಮೀನು ಮಾಡಿಕೊಂಡಿದ್ದಾರೆ. ದೇಸಿ ಗಂಡು ದಂಡೆಯೊಳಗಿನ ಗೂಡಿನಲ್ಲಿ ತತ್ತಿ ಕಾಯೋ ತಂದೆ. ಆಫ್ರಿಕನ್ ಗಂಡು ಹೊಸ ನೀರಿನ ಹುಲ್ಲಿನೊಳಗ ಸಂತಾನ ಬಿಟ್ಟು ತಿರುಗಿ ನೋಡದೆ ಹೋಗೋದು.

"ಬಡ ರೈತನ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ್ರಿ, ಅದು ಬೇಗ ಬೆಳೀತದ, ಹೊಲಸು ನೀರಾಗೂ ಬದುಕ್ತದ, ಏನು ಹಾಕಿದ್ರೂ ತಿಂತದ" ಅಂತ ಕೆಲವರು ವಾದ ಮಾಡ್ತಾರ. ಬೇಗ ಬೆಳೆಯೋದು ಖರೆ, ಒಪ್ತೀನಿ. ಆದರ ಅಧಿಕಾರಿಗಳು ಬಂದು ಹೊಂಡ ಖಾಲಿ ಮಾಡಿಸಿ ಮೀನು ಹೂಳಿಸಿದ ದಿನ ಲುಕ್ಸಾನು ಯಾರಿಗೆ? ಮರಿ ಮಾರಿದವ ರೊಕ್ಕ ಎಣಿಸಿಕೊಂಡು ಹೋಗಿರ್ತಾನ. ಬಿಲ್ ಇಲ್ಲ, ಚೀಟಿ ಇಲ್ಲ. ಬೆರಳುದ್ದದ ಮರಿ ನೋಡಿ ದೇಸಿಯೋ ಮಿಶ್ರವೋ ಅಂತ ಗುರುತು ಹಿಡಿಯೋದು ರೈತನಿಗೆ ಎಲ್ಲಿ ಸಾಧ್ಯ? ಬಡವನ ಹೆಸರು ಹೇಳಿ ವಾದಿಸೋರು ಬಡವನ ಕೈಗೆ ಒಂದು ರಸೀದಿ ಕೊಡಲಿ ಮೊದಲು.

"ನನ್ನ ಹೊಂಡ, ನನ್ನ ಮೀನು" ಅನ್ನೋ ಮಾತೂ ನಡೆಯೋದಿಲ್ಲ. ಈ ಮೀನು ಗಾಳಿ ಕುಡಿದು ಬದುಕ್ತದ, ಮಳೆಯಾಗ ಹಸಿ ನೆಲದ ಮ್ಯಾಲೂ ತೆವಳಿ ದಾಟ್ತದ. ನಮ್ಮ ತಾಲ್ಲೂಕಿನ ನೀರು ಎರಡು ಕಡೆ ಹರೀತದ: ಚುಳಕಿ ನಾಲಾದ್ದು ಮಾಂಜ್ರಾ ಸೇರಿ ಗೋದಾವರಿಗೆ, ಮುಲ್ಲಾಮಾರಿಯದ್ದು ಕಾಗಿಣಾ, ಭೀಮಾ ಹಾಯ್ದು ಕೃಷ್ಣೆಗೆ. ಇಲ್ಲಿ ಒಂದು ಹೊಂಡದ ಒಡ್ಡು ಒಡೆದ್ರ ಎರಡರಲ್ಲಿ ಒಂದು ದೊಡ್ಡ ನದಿಗೆ ದಾರಿ ಸಿಕ್ಕಂಗ. ನದಿಗೆ ಹೋದ ರಕ್ತ ವಾಪಸ್ ತರಲಿಕ್ಕೆ ಯಾವ ಬಲೆಯೂ ಇಲ್ಲ.

ಪರಿಹಾರ ಇಲ್ಲ ಅಂತಲ್ಲ. ಬೆಕ್ಕುಮೀನಿನ ವೀರ್ಯವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡೋ ಪ್ರಯೋಗ ಆಗ್ಯಾವ. ಆಕಳಿನ ಸೆಮೆನ್ ಕ್ಯಾನು ಹೊತ್ತು ಊರೂರು ತಿರುಗೋ ನಮಗೆ ಇದೇನು ಹೊಸ ವಿದ್ಯೆ ಅಲ್ಲ. ದೇಸಿ ಮಾಗುರ್ ಮರಿ ಮಾಡೋ ವಿಧಾನವನ್ನು ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನುಕೃಷಿ ಸಂಸ್ಥೆ ರೂಢಿಗೆ ತಂದಿದೆ. ಹೆಸರಿನೊಳಗೇ "ಮೀನುಗಾರಿಕೆ" ಇರೋ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ನಮ್ಮ ಬೀದರದಲ್ಲೇ ಅದ. ಇಷ್ಟಿದ್ದೂ ಬೀದರ ಜಿಲ್ಲೆಯ ರೈತ ಹೆದ್ದಾರಿ ಮ್ಯಾಲೆ ಬರೋ ಹೆಸರಿಲ್ಲದ ಗಾಡಿಯ ಮರಿ ಯಾಕ ಕೊಳ್ಳಬೇಕು?

ನನ್ನ ಬೇಡಿಕೆ ಸರಳ. ಗಂಡು-ಹೆಣ್ಣು ಎರಡರ ಜಾತಿ, ಎಷ್ಟು ಗಂಡು ಬಳಸಿದರು, ಎಲ್ಲಿಂದ ತಂದರು, ಇವನ್ನು ಬರೆದ ರಸೀದಿ ಇಲ್ಲದೆ ಮರಿ ಮಾರಬಾರದು. ಅಂಥ ದಾಖಲೆ ಇಡದ ಹ್ಯಾಚರಿಗೆ ಸಬ್ಸಿಡಿಯೂ ಬ್ಯಾಡ. ಇಲಾಖೆ ದಾಳಿ ಮಾಡೋದಾದ್ರ ಹೊಂಡಕ್ಕಿಂತ ಮೊದಲು ಮರಿ ಹುಟ್ಟೋ ಜಾಗಕ್ಕೆ ಹೋಗಲಿ.

ಅಲ್ಲಿತನಕ ನಿಮ್ಮ ಕೈಯಾಗ ಒಂದು ಪ್ರಶ್ನೆ ಅದ. ಫೋನ್ ಬಂದಾಗ ರೇಟಿಗಿಂತ ಮುಂಚೆ ಕೇಳ್ರಿ: "ಗಂಡು ಯಾವುದು?" ಉತ್ತರ ತೊದಲಿದ್ರ ಆ ಮರಿ ಹೊಂಡಕ್ಕೆ ಬಿಡಬ್ಯಾಡ್ರಿ. ಈ ವರ್ಷ ರೋಹು, ಕಟ್ಲಾನೇ ಸಾಕು.