ಸರ್ವರ್ ಡೌನ್ ಅಲ್ಲ ಸ್ವಾಮಿ, ಅಪ್‌ಡೇಟ್

ಚಂದ್ರಗುತ್ತಿಯಿಂದ ಬೆಳಗಿನ ಬಸ್ಸು ಹಿಡಿದು ಅಪ್ಪನೂ ನಾನೂ ಆ ಕಚೇರಿ ತಲುಪಿದಾಗ ಹತ್ತೂವರೆ. ಅಜ್ಜ ತೀರಿಕೊಂಡ ಮೇಲೆ ಗದ್ದೆಯ ಖಾತೆ ಬದಲಾಗಬೇಕಿತ್ತು. ಕಚೇರಿ ಯಾವುದೆಂದು ಹೇಳುವುದಿಲ್ಲ, ನಿಮ್ಮೂರಿನದೇ ಎಂದುಕೊಂಡರೂ ಕಥೆ ಬದಲಾಗದು. ಕೌಂಟರಿನ ಒಳಗೆ ನೀಲಿ ಪರದೆ, ತಿರುಗುವ ಬಿಳಿ ಚುಕ್ಕಿಗಳು, ‘ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ’ ಎಂಬರ್ಥದ ಇಂಗ್ಲಿಷ್ ಸಾಲು. ಹೊರಗಿನ ಸಾಲಿಗೆ ಸಿಕ್ಕ ಉತ್ತರ ಮಾತ್ರ ಒಂದೇ: ಸರ್ವರ್ ಡೌನ್. ಮಧ್ಯಾಹ್ನ ಎಚ್ಚರವಾದ ಕಂಪ್ಯೂಟರಿಗೆ ಪ್ರಿಂಟರಿನ ಗುರುತೇ ಸಿಗಲಿಲ್ಲ. ‘ನಾಳೆ ಬನ್ನಿ’ ಅಂದರು. ಶುಂಠಿ ಗದ್ದೆಯ ಕೆಲಸ ಬಿಟ್ಟು ಬಂದಿದ್ದ ಅಪ್ಪನ ಒಂದು ದಿನ ಹೋಯಿತು.

ನಾನು ಕಂಪ್ಯೂಟರ್ ಓದಿದವನಲ್ಲ. ಸೊರಬ ಸೀಮೆಯ ಶಾಸನಗಳ ಮೇಲೆ ಸಂಶೋಧನೆ ಮಾಡುತ್ತಿರುವವನು. ಭೂಮಿ ದತ್ತಿ ಕೊಟ್ಟ ಶಾಸನಗಳ ಕೊನೆಗೆ ಆ ದತ್ತಿಯನ್ನು ಕಾಯುವವನಿಗೆ ಪುಣ್ಯ, ಕೆಡಿಸುವವನಿಗೆ ಪಾಪ ಎಂದು ಕೊರೆದಿರುತ್ತಾರೆ. ಅದನ್ನು ಬರೀ ಶಾಪ ಎಂದು ಓದಿ ಮುಂದೆ ಹೋಗುತ್ತಿದ್ದೆ. ಆ ದಿನದ ನಂತರ ಬೇರೆಯದೇ ಅರ್ಥ ಹೊಳೆಯಿತು. ದಾಖಲೆ ಮಾಡಿದ ದಿನವೇ ಅದನ್ನು ಕಾಯುವ ಹೊಣೆಯನ್ನೂ ಬರೆಯುತ್ತಿದ್ದರು. ನಾವು ಕಂಪ್ಯೂಟರ್ ಕೊಂಡೆವು, ಉದ್ಘಾಟಿಸಿದೆವು, ಕಾಯುವವರು ಯಾರೆಂದು ಬರೆಯಲಿಲ್ಲ.

ಕರ್ನಾಟಕಕ್ಕೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಭೂಮಿ ಯೋಜನೆಯಲ್ಲಿ 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಸಾರಿದ ರಾಜ್ಯ ನಮ್ಮದು. ಅದು ಒಳ್ಳೆಯ ಕೆಲಸವೇ. ಲೆಕ್ಕಿಗರ ಕಿರುಕುಳ ಎಷ್ಟೋ ತಪ್ಪಿತು. ಆದರೆ ಹಳೆಯ ದಾರಿ ಮುಚ್ಚಿದ ಮೇಲೆ ಹೊಸ ದಾರಿಯನ್ನು ದುರಸ್ತಿಯಲ್ಲಿಡುವುದು ಉಪಕಾರವಲ್ಲ, ಕರ್ತವ್ಯ.

‘ಹಾಗಾದರೆ ಅಪ್‌ಡೇಟ್ ನಿಲ್ಲಿಸಿಬಿಡೋಣ’ ಎನ್ನುವವರಿದ್ದಾರೆ. ಎಷ್ಟೋ ಕಡೆ ಆಪರೇಟರುಗಳು ಮಾಡುವುದೂ ಅದನ್ನೇ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸಿನ ಒಂದು ಬಿರುಕಿಗೆ ತೇಪೆ ಬಿಟ್ಟಿತು. ತೇಪೆ ಹಾಕಿಕೊಳ್ಳದ ಕಂಪ್ಯೂಟರುಗಳಿಗೆ ಮೇ 12ರಂದು ವನ್ನಾಕ್ರೈ ನುಗ್ಗಿತು. ಬ್ರಿಟನ್ನಿನ ಆಸ್ಪತ್ರೆಗಳಿಂದ ಹಿಡಿದು ನೆರೆಯ ಆಂಧ್ರದ ಪೊಲೀಸರ ಕಂಪ್ಯೂಟರುಗಳವರೆಗೆ ಕಡತಗಳಿಗೆ ಬೀಗ ಬಿತ್ತು. ಎರಡು ತಿಂಗಳ ಸೋಮಾರಿತನದ ಬೆಲೆ ಅದು. ಹಾಗೆಂದು ಕಣ್ಣುಮುಚ್ಚಿ ಎಲ್ಲ ಕಡೆ ಒಂದೇ ಏಟಿಗೆ ಹಾಕಿದರೂ ಅಪಾಯವೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷದ ಕಡತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು.

ನಡುವಿನ ದಾರಿ ಗುಟ್ಟಿನದಲ್ಲ. ದೊಡ್ಡ ಕಂಪನಿಗಳು ಅಪ್‌ಡೇಟನ್ನು ಮೊದಲು ನಾಲ್ಕಾರು ಯಂತ್ರಗಳಿಗೆ ಹಾಕಿ ನೋಡುತ್ತವೆ. ಸರಿಯಿದ್ದರೆ ಮುಂದಿನ ಗುಂಪು, ಕೊನೆಗೆ ಎಲ್ಲರಿಗೆ. ಕೆಟ್ಟರೆ ಹಿಂದಕ್ಕೆ ಹೋಗಲು ಪ್ರತಿಯೊಂದು ಸಿದ್ಧವಿರುತ್ತದೆ. ಇವೆಲ್ಲವನ್ನೂ ಒಂದೇ ಸರ್ವರಿನಿಂದ ನಡೆಸಬಹುದು, ಪ್ರತಿ ಹೋಬಳಿಗೂ ಎಂಜಿನಿಯರ್ ಬೇಕಿಲ್ಲ. ನಮ್ಮಲ್ಲಿ ಪರೀಕ್ಷಿಸಬೇಕಾದ್ದೂ ಸ್ಪಷ್ಟ: ಪ್ರಿಂಟರ್, ಬೆರಳಚ್ಚಿನ ಯಂತ್ರ, ನುಡಿ ತಂತ್ರಾಂಶ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕಡತವನ್ನು ಆ ಫಾಂಟಿಲ್ಲದ ಹೊಸ ಯಂತ್ರದಲ್ಲಿ ತೆರೆದು ನೋಡಿ. ಕನ್ನಡದ ಜಾಗದಲ್ಲಿ ಪರಕೀಯ ಅಕ್ಷರಗಳ ಕಸ ಕಾಣುತ್ತದೆ. ಹಳೆಗನ್ನಡ ಶಾಸನವನ್ನು ಓದಬಲ್ಲ ನನಗೆ ಇಪ್ಪತ್ತು ವರ್ಷ ಹಿಂದಿನ ಕಡತ ಓದಲಾಗದು!

ಇನ್ನು ಸಮಯ. ಮೈಕ್ರೋಸಾಫ್ಟ್ ತನ್ನ ಭದ್ರತಾ ತೇಪೆಗಳನ್ನು ಬಿಡುವುದು ತಿಂಗಳ ಎರಡನೇ ಮಂಗಳವಾರ. ಅಷ್ಟು ಹೊತ್ತಿಗೆ ನಮಗೆ ರಾತ್ರಿಯಾಗಿರುತ್ತದೆ. ನಮ್ಮೂರ ರೇಣುಕಾಂಬೆಯ ಜಾತ್ರೆಯಷ್ಟೇ ಮುಂಚಿತವಾಗಿ ಗೊತ್ತಿರುವ ದಿನ. ಜಾತ್ರೆಗೆ ಹೆಚ್ಚುವರಿ ಬಸ್ಸು ಬಿಡಲು ಬರುವ ಸರ್ಕಾರಕ್ಕೆ ಅಪ್‌ಡೇಟನ್ನು ಕಚೇರಿ ಮುಚ್ಚಿದ ಮೇಲೆ ಇಡಲು ಬಾರದೇ?

ದುಡ್ಡಿಲ್ಲ ಎನ್ನುತ್ತಾರೆ. ವಿಂಡೋಸ್ 10ರ ಉಚಿತ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದುವರಿಸಲು ಸಂಸ್ಥೆಗಳು ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್ ಕೊಡಬೇಕು, ಪ್ರತಿ ವರ್ಷ ಅದು ದುಪ್ಪಟ್ಟು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಹಳೆಯ ಪ್ರೊಸೆಸರುಗಳನ್ನು ಅದು ಒಪ್ಪದು, ಚೆನ್ನಾಗಿರುವ ಯಂತ್ರವೂ ಗುಜರಿಗೆ. ಇದು ದಿಢೀರನೆ ಬಂದ ಕಷ್ಟವಲ್ಲ, ವರ್ಷಗಳ ಹಿಂದೆಯೇ ಪ್ರಕಟವಾಗಿದ್ದ ದಿನಾಂಕ. ಕೇರಳ ತನ್ನ ಶಾಲೆಗಳನ್ನು ಉಚಿತ ತಂತ್ರಾಂಶಕ್ಕೆ ಒಯ್ದು ವರ್ಷಗಳಾದವು. ಉಬುಂಟು ಆಧರಿಸಿ ಅಲ್ಲಿನ ಕೈಟ್ ಸಂಸ್ಥೆ ಸಿದ್ಧಪಡಿಸಿದ ವ್ಯವಸ್ಥೆಯಲ್ಲೇ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುತ್ತಾರೆ. ಅದಕ್ಕೂ ಅಪ್‌ಗ್ರೇಡ್ ಬೇಕು, ಆದರೆ ಆ ಕೆಲಸಕ್ಕೆ ಹೆಸರಿರುವ ಒಂದು ಸಂಸ್ಥೆಯಿದೆ. ಲಿನಕ್ಸೋ ವಿಂಡೋಸೋ ಎಂಬುದು ಎರಡನೆಯ ಪ್ರಶ್ನೆ. ಹೊಣೆ ಯಾರದು ಎಂಬುದು ಮೊದಲನೆಯದು.

ಈ ಪ್ರಶ್ನೆಯನ್ನು ತಂತ್ರಜ್ಞರಿಗೆ ಬಿಟ್ಟು ಸಾಹಿತ್ಯದವರು ಸುಮ್ಮನಿರುವುದು ನನಗೆ ಒಪ್ಪಿಗೆಯಿಲ್ಲ. ಕನ್ನಡದ ಅಳಿವು ಉಳಿವಿನ ಬಗ್ಗೆ ನವೆಂಬರಿನಲ್ಲಿ ಭಾಷಣ ಮಾಡುವ ನಾವು, ಕನ್ನಡದ ಕಡತಗಳು ಕೂತಿರುವ ಯಂತ್ರದ ಬಗ್ಗೆ ಒಂದು ಮಾತೂ ಕೇಳಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ನಮ್ಮ ರಾಜ್ಯದಲ್ಲಿ 150 ಪದಗಳ ಮಿತಿಯೂ ಇದೆ, ನನ್ನ ಪ್ರಶ್ನೆಗಳಿಗೆ ಅಷ್ಟು ಧಾರಾಳ. ಈ ಕಚೇರಿಯ ಕಂಪ್ಯೂಟರುಗಳಲ್ಲಿರುವುದು ಯಾವ ಆಪರೇಟಿಂಗ್ ಸಿಸ್ಟಂ? ಕೊನೆಯ ಭದ್ರತಾ ಅಪ್‌ಡೇಟ್ ಹಾಕಿದ್ದು ಯಾವ ದಿನ? ಅದರ ಹೊಣೆ ಯಾವ ಹುದ್ದೆಯದು?

ನನ್ನ ಅರ್ಜಿ ಬರೆದಾಗಿದೆ. ನೀವೂ ನಿಮ್ಮೂರಿನ ಕಚೇರಿಗೊಂದು ಬರೆಯಿರಿ.