ಬಳೆ ಅಡ ಇಡುವ ಮುನ್ನ

ಮೂರು ತಿಂಗಳ ಹಿಂದೆ ತವರಿಗೆ, ಅಮೃತೂರಿಗೆ ಹೋಗಿದ್ದೆ. ಕಾಫಿ ಲೋಟ ಕೈಗಿಡುತ್ತಲೇ ಅತ್ತಿಗೆ ಕೇಳಿದರು: "ಅಲ್ಲಾ ಕಣೇ, ಈ ಬ್ಯಾಕ್ ಎಂಡ್ ಅಂದ್ರೇನು? ಬೆಂಗಳೂರಲ್ಲಿ ಆರು ತಿಂಗಳ ಕೋರ್ಸಂತೆ, ಕೆಲಸ ಗ್ಯಾರಂಟಿಯಂತೆ. ಬಳೆ ಅಡ ಇಟ್ಟು ಸೇರ್ಕೊಳ್ಲಾ?"

ಗೆಳತಿಯರೇ, ಇಂಥ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರುತ್ತದೆ ಅಲ್ಲವೇ? ನಾನು ಹೇಳಿದ್ದು ಇಷ್ಟೇ: ಬಳೆ ಕೈಯಲ್ಲೇ ಇರಲಿ, ಕಲಿಯುವುದನ್ನು ಮಾತ್ರ ಇವತ್ತೇ ಶುರು ಮಾಡಿ.

ಮೊಬೈಲಿನಲ್ಲಿ ಪಹಣಿ ನೋಡುತ್ತೀರಲ್ಲ, ಸರ್ವೆ ನಂಬರ್ ಒತ್ತಿದಾಗ ಕಣ್ಣಿಗೆ ಕಾಣುವ ಪುಟ ಮುಂಭಾಗ. ರಾಶಿ ದಾಖಲೆಗಳ ನಡುವೆ ನಿಮ್ಮದೊಂದನ್ನೇ ಹುಡುಕಿ ತರುವುದು ಬ್ಯಾಕ್ ಎಂಡ್. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗ್ರಾಮ ಲೆಕ್ಕಿಗರ ಪುಸ್ತಕದಿಂದ ಕಂಪ್ಯೂಟರಿಗೆ ಬಂದದ್ದು ಇಂಥ ಕೆಲಸದಿಂದಲೇ.

"ಅದೆಲ್ಲಾ ಇಂಜಿನಿಯರುಗಳಿಗೆ" ಅನ್ನಬೇಡಿ. ಅತ್ತಿಗೆ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಾರೆ. ಸಂಘದಲ್ಲಿ ಇಬ್ಬರು ಲಕ್ಷ್ಮಮ್ಮ! ಒಬ್ಬರ ಕಂತು ಇನ್ನೊಬ್ಬರ ಹೆಸರಿಗೆ ಬಿದ್ದು ದೊಡ್ಡ ಜಗಳವೇ ಆಯಿತು. ಆಮೇಲೆ ಎಲ್ಲರಿಗೂ ಒಂದೊಂದು ನಂಬರ್ ಕೊಟ್ಟು, ಸಾಲದ ಪುಟದಲ್ಲಿ ಆ ನಂಬರನ್ನೇ ಬರೆಯತೊಡಗಿದರು. ಡೇಟಾಬೇಸಿನಲ್ಲಿ 'ಪ್ರೈಮರಿ ಕೀ' ಅನ್ನುವುದು ಇದಕ್ಕೇ. ಒಬ್ಬರ ಖಾತೆಯಿಂದ ಹಣ ಕಳೆದು ಇನ್ನೊಬ್ಬರದಕ್ಕೆ ಸೇರಿಸುವಷ್ಟರಲ್ಲಿ ಕರೆಂಟು ಹೋದರೆ? ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಹಾಗೆ ನೋಡಿಕೊಳ್ಳುವುದು 'ಟ್ರಾನ್ಸಾಕ್ಷನ್'. ವರ್ಷಗಟ್ಟಲೆ ಮನೆ ಲೆಕ್ಕ ನೋಡಿದವರಿಗೆ ಇದು ಅರ್ಥವಾಗದೇ ಇರುತ್ತದೆಯೇ?

ಮೊದಲು ಎಸ್‌ಕ್ಯೂಎಲ್ ಕಲಿಯಿರಿ. ಆಮೇಲೆ ಪಿಎಚ್‌ಪಿ ಅಥವಾ ಪೈಥಾನ್, ಯಾವುದಾದರೂ ಒಂದೇ. ಎರಡೂ ಪುಕ್ಕಟೆ ಸಿಗುತ್ತವೆ. ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್'ನಲ್ಲಿ ಕನ್ನಡದಲ್ಲೂ ಪಾಠಗಳಿವೆ. ಕೇಂದ್ರ ಸರ್ಕಾರದ 'ಸ್ವಯಂ'ನಲ್ಲಿ ಪಾಠ ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ. ಹಳೆಯ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ, ಬರೀ ಮೊಬೈಲಿನಲ್ಲಿ ಕಲಿಯುವ ಆಸೆ ಬಿಡಿ.

ಕೆಲಸದ ಮಾತು? ಆರು ತಿಂಗಳಿಗೆ ಕೈತುಂಬ ಸಂಬಳ ಎಂದು ನಾನಂತೂ ಹೇಳಲಾರೆ. ಸಣ್ಣಪುಟ್ಟ ಕೋಡನ್ನು ಈಗ ಎ.ಐ. ಬರೆದುಕೊಡುತ್ತದೆ. ತಪ್ಪು ಹುಡುಕುವಷ್ಟು ಪಳಗಲು ವರ್ಷವಾದರೂ ಬೇಕು. ಕೋರ್ಸಿಗೆ ಸೇರಲೇಬೇಕೆಂದರೆ, 'ಗ್ಯಾರಂಟಿ' ಅಂದರೆ ಕೆಲಸವೋ ಬರೀ ಸಂದರ್ಶನವೋ, ಸಿಗದಿದ್ದರೆ ಹಣ ವಾಪಸ್ಸೋ ಎಂದು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಎದ್ದು ಬನ್ನಿ. ಮನೆಯವರ ಹತ್ತಿರವೂ ದಿನಕ್ಕೆ ಎರಡು ಗಂಟೆ ನಾಚಿಕೆಯಿಲ್ಲದೆ ಕೇಳಿ. ಸಾಲ ಸಿಕ್ಕೀತು, ಆ ಎರಡು ಗಂಟೆ ಸಿಗುವುದೇ ಕಷ್ಟ ನೋಡಿ!

ಅತ್ತಿಗೆ ಈಗ ಸಂಘದ ಲೆಕ್ಕವನ್ನೇ ಡೇಟಾಬೇಸಿಗೆ ಹಾಕುತ್ತಿದ್ದಾರೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನು: "ಒಂದು ಸೆಮಿಕೋಲನ್ ಮರೆತು ಎರಡು ಗಂಟೆ ಒದ್ದಾಡಿದೆ ಕಣೇ. ನಿಮ್ಮಣ್ಣನೇ ಅನ್ನಕ್ಕಿಟ್ಟರು."